ಉದ್ಯಾವರದ ಆಚಾರ್ಯರೂ ಒಲೆಗಿಟ್ಟ ಕಾಲೂ
ಪುರಸೈವಾಕ್ಕಂ ಕಟ್ಟೆಯಿಂದ



ಕಳೆದ ಸಂಚಿಕೆಯಲ್ಲಿ ಹಪ್ಪಳದ ವಿಚಾರ ಬರೆದು ಅನೇಕ ಗೃಹಿಣಿಯರ ಕೋಪಕ್ಕೆ ಪಾತ್ರನಾದೆ. ಯಾರ ಊರಿನ ಹಪ್ಪಳ ಹೆಚ್ಚು ಎಂದು ತೀರ್ಪು ಹೇಳಹೊರಟದ್ದು ನನ್ನದೇ ತಪ್ಪು, ಮನ್ನಿಸಬೇಕು. ಈ ಸಲ ಯಾರ ಅಡಿಗೆಮನೆಯ ಗೊಡವೆಗೂ ಹೋಗಬಾರದೆಂದು ಪ್ರತಿಜ್ಞೆ ಮಾಡಿ ಕುಳಿತರೆ, ನೋಡಿ, ಮತ್ತೆ ಒಲೆಯ ಮುಂದೆಯೇ ಬಂದು ನಿಂತಿದ್ದೇನೆ. ಆದರೆ ಇದು ದೆವ್ವದ ಒಲೆ. ಅದಕ್ಕೆ ಸೌದೆಯ ಖರ್ಚಿಲ್ಲ.

ನಮ್ಮ ಪುರಸೈವಾಕ್ಕಂನಲ್ಲಿ ಬೆಳೆದವರಿಗೆ ಎರಡು ವಿಷಯಗಳಲ್ಲಿ ಬಡತನವಿರಲಿಲ್ಲ. ಒಂದು ದೇವರು, ಇನ್ನೊಂದು ಸಿನೀಮಾ. ಗಂಗಾಧೀಶ್ವರನ ಗುಡಿಯಿಂದ ಹೊರಟು ಹೈರೋಡಿನ ಕಡೆಗೆ ನಡೆದರೆ ರಾಕ್ಸಿ, ಭುವನೇಶ್ವರಿ, ಮೋಕ್ಷಂ. 1976ರಲ್ಲಿ ಅಭಿರಾಮಿಯೂ ಬಂತು. ಮೋಕ್ಷಂ ಎಂಬ ಹೆಸರಿನ ಟಾಕೀಸು ಇನ್ನಾವ ಊರಿನಲ್ಲಿದೆಯೋ ಕಾಣೆ. ‘ಮೋಕ್ಷಕ್ಕೆ ಹೋಗಿ ಬರುತ್ತೇವೆ’ ಎಂದು ನಮ್ಮ ಓಣಿಯ ಹುಡುಗರು ಹೇಳಿದರೆ ಹೊಸದಾಗಿ ಊರಿನಿಂದ ಬಂದ ಅಜ್ಜಿಯರು ಗಾಬರಿಯಾಗುತ್ತಿದ್ದರು. ಈಗ ರಾಕ್ಸಿ ಇದ್ದ ಜಾಗದಲ್ಲಿ ದೊಡ್ಡ ಅಂಗಡಿ ಎದ್ದಿದೆ. ಅಭಿರಾಮಿಯೂ 2020ರಲ್ಲಿ ಬಾಗಿಲು ಹಾಕಿತು. ದೇವರು ಮಾತ್ರ ಇದ್ದಲ್ಲೇ ಇದ್ದಾನೆ.

ನನ್ನ ಅಪ್ಪಯ್ಯ ಕಟಪಾಡಿಯ ಕಡೆಯವರು. ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಮ್ಮನಿಗೆ ತಮಿಳು ಬಾರದು. ಬೆಳಗಾದರೆ ಸೌದೆ ಡಿಪೋದವನೊಡನೆ, ಹಾಲಿನವನೊಡನೆ, ನೀರಿನ ಪಂಪಿನ ಮುಂದೆ ಸಾಲುನಿಂತ ಹೆಂಗಸರೊಡನೆ ಕೈಸನ್ನೆಯಲ್ಲೇ ವ್ಯವಹಾರ. ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದೇ ಕಡಿಮೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅಪ್ಪಯ್ಯ ಅಪರೂಪಕ್ಕೆ ರಜೆ ಹಾಕಿ, ನಮ್ಮೆಲ್ಲರನ್ನೂ ‘ಜಗನ್ಮೋಹಿನಿ’ ಎಂಬ ಸಿನೀಮಾಕ್ಕೆ ಕರೆದೊಯ್ದರು. ತೆಲುಗಿನಲ್ಲಿ 1978ರಲ್ಲಿ ಬಂದ ಚಿತ್ರ. ಇಲ್ಲಿ ತಮಿಳು ಮಾತು ಕೂಡಿಸಿ ತೋರಿಸುತ್ತಿದ್ದರು. ಪರದೆಯ ಮೇಲೆ ದಿಗ್ದರ್ಶಕರ ಹೆಸರು ಬಂದಾಗ ಅಪ್ಪಯ್ಯ, “ಬಿ. ವಿಠಲಾಚಾರ್ಯ! ನಮ್ಮ ಉದ್ಯಾವರದವರು!” ಎಂದು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಮುಂದಿನ ಸಾಲಿನವರು ತಿರುಗಿ ನೋಡಿದರು.

ಕಥೆಯೇನು ಹೇಳಲಿ? ಹಿಂದಿನ ಜನ್ಮದಲ್ಲಿ ಮೋಸಹೋದ ಹೆಣ್ಣೊಬ್ಬಳು ಮೋಹಿನಿಯಾಗಿ ಬಂದು, ತನ್ನನ್ನು ಕೆಡಿಸಿದವನ ಬೆನ್ನು ಹತ್ತುತ್ತಾಳೆ. ಆತ ಈ ಜನ್ಮದಲ್ಲಿ ಸಾಧ್ವಿಯೊಬ್ಬಳ ಗಂಡ. ಮೋಹಿನಿಯಾಗಿ ಜಯಮಾಲಿನಿ, ನಾಯಕನಾಗಿ ನರಸಿಂಹರಾಜು. ದೆವ್ವ ಸೊಸೆಯಾಗಿ ಮನೆಹೊಕ್ಕು ಅಡಿಗೆಗೆ ನಿಲ್ಲುತ್ತದೆ. ಒಲೆಗೆ ಸೌದೆಯಿಲ್ಲ. ಏನು ಮಾಡಬೇಕು? ತನ್ನ ಕಾಲನ್ನೇ ಒಲೆಯೊಳಗಿಟ್ಟು ಉರಿಸುತ್ತದೆ! ಟಾಕೀಸಿನ ಮಕ್ಕಳೆಲ್ಲ ಕಿಟಾರನೆ ಕಿರುಚಿದರು. ನಮ್ಮಮ್ಮ ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಎಂಥಾ ಉಪಾಯ ಮಾರಾಯ್ರೇ! ಡಿಪೋದವನ ಕಾಟ ಇಲ್ಲ ಅವಳಿಗೆ” ಎಂದರು. ಮನೆಗೆ ಬಂದಮೇಲೂ ಒಲೆಯ ಮುಂದೆ ಕುಳಿತಾಗ ತಾವೇ ನೆನೆದುಕೊಂಡು ನಗುತ್ತಿದ್ದರು. ಭಾಷೆ ಬಾರದ ಊರಿನಲ್ಲಿ ಆಕೆಗೆ ಸಂಪೂರ್ಣವಾಗಿ ಅರ್ಥವಾದ ಮೊದಲನೆಯ ಸಂಗತಿ ಅದೇ ಇರಬೇಕು.

ಇನ್ನು ಆಚಾರ್ಯರ ಕಥೆ. 1920ರಲ್ಲಿ ಉಡುಪಿಗೆ ಹತ್ತಿರದ ಉದ್ಯಾವರದಲ್ಲಿ ಹುಟ್ಟು. ತಂದೆ ಆಯುರ್ವೇದ ಪಂಡಿತರು, ಬಡವರಿಗೆ ಧರ್ಮಕ್ಕೆ ಔಷಧ ಕೊಡುತ್ತಿದ್ದವರು. ಮಗನ ವಿದ್ಯೆ ಮೂರನೆಯ ತರಗತಿಗೆ ಮುಗಿಯಿತು. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು, ಸಿಕ್ಕಿದ ಕೆಲಸ ಮಾಡುತ್ತ ಘಟ್ಟ ಹತ್ತಿ ಅರಸೀಕೆರೆ ಸೇರಿ, ಅಲ್ಲಿ ಹೋಟೆಲು ನಡೆಸಿದರು. ಇಲ್ಲಿಯವರೆಗೆ ಇದು ನಮ್ಮ ಪತ್ರಿಕೆಯ ಅರ್ಧ ಚಂದಾದಾರರ ಮನೆಯ ಕಥೆಯೇ. ಕಡಂದಲೆಯ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದ್ದು, ಸೀತಾರಾಮರಾಯರು ಪೂನಮಲ್ಲಿ ಹೈರೋಡಿನಲ್ಲಿ ದಾಸಪ್ರಕಾಶ ಕಟ್ಟಿದ್ದು ಎಲ್ಲಕ್ಕೂ ಇದೇ ದಾರಿ, ಇದೇ ಹಸಿವು. ಆದರೆ ಆಚಾರ್ಯರ ದಾರಿ ಒಂದು ಕಡೆ ತಿರುಗಿತು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಹೊರಗೆ ಬಂದಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಗೆಳೆಯರೊಡನೆ ಹಾಸನದ ಸೀಮೆಯಲ್ಲಿ ಟೂರಿಂಗ್ ಟಾಕೀಸು ತೆರೆದರು.

ಟೂರಿಂಗ್ ಟಾಕೀಸನ್ನು ಕಾಣದ ಇಂದಿನ ಮಕ್ಕಳಿಗಾಗಿ ಒಂದು ಮಾತು. ಊರ ಹೊರಗಿನ ಬಯಲಿನಲ್ಲಿ ಡೇರೆ, ನೆಲದ ಮೇಲೆ ಮರಳು, ಒಂದೇ ಯಂತ್ರ. ಒಂದು ಸುರುಳಿ ಮುಗಿದು ಇನ್ನೊಂದು ಏರಿಸುವ ತನಕ ದೀಪ ಹಾಕುತ್ತಾರೆ, ಕಡಲೆಕಾಯಿಯವನು ಬರುತ್ತಾನೆ. ಒಂದೇ ಚಿತ್ರವನ್ನು ಮಾಲೀಕ ಹತ್ತು ಹದಿನೈದು ರಾತ್ರಿ ನೋಡಬೇಕು. ಜನ ಎಲ್ಲಿ ಬೀಡಿ ಸೇದಲು ಎದ್ದು ಹೋಗುತ್ತಾರೆ, ಎಲ್ಲಿ ಮಗು ಅತ್ತರೂ ತಾಯಿ ಏಳುವುದಿಲ್ಲ ಎಂಬುದನ್ನು ಕತ್ತಲಲ್ಲಿ ನಿಂತು ನೋಡಿದವನಿಗೆ ಬೇರೆ ಶಾಲೆ ಬೇಕೆ? ಆಚಾರ್ಯರ ಪದವಿ ಅಲ್ಲಿಯದೇ ಎಂದು ನನ್ನ ಊಹೆ.

ಮುಂದೆ ಮೈಸೂರು. ಗೆಳೆಯ ಡಿ. ಶಂಕರಸಿಂಗರೊಡನೆ ಸೇರಿ ಮಹಾತ್ಮಾ ಪಿಕ್ಚರ್ಸ್. ಹೆಸರು ಮಹಾತ್ಮರದು, ತೆಗೆದದ್ದು ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951)! ಹೌದು, ಮೊದಲ ಜಗನ್ಮೋಹಿನಿ ಕನ್ನಡದವಳೇ. ಅದರ ದಿಗ್ದರ್ಶನ ಶಂಕರಸಿಂಗರದು. ನಾಯಿಕೆಯರ ವೇಷಭೂಷಣಗಳನ್ನು ಕಂಡು ಮಡಿವಂತರು ಹುಬ್ಬು ಗಂಟಿಕ್ಕಿದರು. ಚಿತ್ರ ಮಾತ್ರ ಓಡಿತು. ದಾವಣಗೆರೆಯ ಕಡೆ ರೈತರು ಎತ್ತು ಗಾಡಿ ಮಾರಿ ಮತ್ತೆ ಮತ್ತೆ ನೋಡಿದರೆಂಬ ಮಾತು ಈಗಲೂ ಹಳಬರ ಬಾಯಲ್ಲಿದೆ. ಅದು ನಿಜವೋ, ಟಿಕೇಟು ಮಾರಲು ಹಬ್ಬಿಸಿದ ಸುದ್ದಿಯೋ, ಎರಡೂ ಆ ಕಂಪೆನಿಗೆ ಒಪ್ಪುವ ಮಾತೇ. ಮೈಸೂರಿನ ಅಣ್ಣತಮ್ಮಂದಿರು ರಾಜನ್–ನಾಗೇಂದ್ರ ಸಂಗೀತ ನಿರ್ದೇಶಕರಾಗಿ ಮುಂದೆ ಬಂದದ್ದೂ ಈ ಬಳಗದ ಆಸರೆಯಲ್ಲೇ, 1953ರ ‘ಸೌಭಾಗ್ಯಲಕ್ಷ್ಮಿ’ಯಲ್ಲಿ.

ಐವತ್ತರ ದಶಕದ ನಡುವಿನಲ್ಲಿ ಆಚಾರ್ಯರು ಬೇರೆಯಾಗಿ ‘ವಿಠಲ್’ ಹೆಸರಿನ ತಮ್ಮದೇ ಕಂಪೆನಿ ಕಟ್ಟಿ ಮದರಾಸಿಗೆ ಬಂದರು. ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಸ್ಟುಡಿಯೋಗಳಿದ್ದದ್ದೂ ಇಲ್ಲಿ, ಫಿಲಂ ತೊಳೆಯುವ ಲ್ಯಾಬು, ಹಾಡು ಬರೆದುಕೊಳ್ಳುವ ಯಂತ್ರ, ಬಾಡಿಗೆಯ ಕತ್ತಿ ಕಿರೀಟಗಳು ಎಲ್ಲ ಇದ್ದದ್ದೂ ಇಲ್ಲೇ. ಕನ್ನಡ ಚಿತ್ರಗಳನ್ನೇ ಇಲ್ಲಿಗೆ ಬಂದು ತೆಗೆಯಬೇಕಿದ್ದ ಕಾಲ. ಮೊದಮೊದಲು ಅವರು ತೆಗೆದದ್ದು ಸಂಸಾರದ ಕಥೆಗಳು. ಕನ್ನಡದಲ್ಲಿ ‘ಮನೆ ತುಂಬಿದ ಹೆಣ್ಣು’ (1958) ಬಂತು. ಆದರೆ ಕನ್ನಡಕ್ಕೆ ಆಗ ಟಾಕೀಸುಗಳೂ ಕಡಿಮೆ, ಹಣವೂ ಕಡಿಮೆ. ಆಂಧ್ರದ ಊರೂರುಗಳಲ್ಲಿ ಮರಳಿನ ಮೇಲೆ ಕುಳಿತು ರಾಜಕುಮಾರನ ಕತ್ತಿವರಸೆ ನೋಡುವ ಜನ ಲಕ್ಷಗಟ್ಟಲೆ ಇದ್ದರು. ‘ಜಯವಿಜಯ’ (1959), ‘ಕನಕದುರ್ಗ ಪೂಜಾ ಮಹಿಮ’ (1960), ‘ಮದನ ಕಾಮರಾಜು ಕಥ’ (1962) ಹೀಗೆ ಒಂದರ ಹಿಂದೆ ಒಂದು ಹೊರಟವು. ಕಾಂತರಾಯರು ಇವರ ಖಾಯಂ ನಾಯಕ. ಕೈಯಲ್ಲಿ ಸದಾ ಕತ್ತಿಯಿದ್ದುದರಿಂದ ಅವರಿಗೆ ‘ಕತ್ತಿ ಕಾಂತರಾಯರು’ ಎಂದೇ ಹೆಸರು ಬಿತ್ತು. 1963ರ ‘ಬಂದಿಪೋಟು’ವಿನಿಂದ ಎನ್.ಟಿ. ರಾಮರಾಯರೂ ಬಂದು, ಮುಂದೆ ಇವರೊಡನೆ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಚಿತ್ರಗಳಲ್ಲಿ ನಟಿಸಿದರು. ತೆಲುಗರು ಆಚಾರ್ಯರಿಗೆ ‘ಜಾನಪದ ಬ್ರಹ್ಮ’ ಎಂದು ಬಿರುದು ಕೊಟ್ಟರು.

1969ರ ‘ಗಂಡಿಕೋಟ ರಹಸ್ಯಂ’ ನೆನೆದರೆ ನನಗೆ ನಗು ಬರುತ್ತದೆ. ತೆಲುಗರ ಮೆಚ್ಚಿನ ಚಿತ್ರ. ದಿಗ್ದರ್ಶಕರು ಉದ್ಯಾವರದವರು, ನಾಯಿಕೆ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ‘ಅಗ್ಗಿ ಪಿಡುಗು’ (1964) ಚಿತ್ರದ ಹಾಡುಗಳನ್ನು ಕೇಳಿ ತಲೆದೂಗಿದ ಗುಂಟೂರಿನವರಿಗೆ, ಅದರ ರಾಗ ಹುಟ್ಟಿದ್ದು ಮೈಸೂರಿನ ರಾಜನ್–ನಾಗೇಂದ್ರರ ಹಾರ್ಮೋನಿಯಂನಲ್ಲಿ ಎಂದು ಯಾರು ಹೇಳಬೇಕು? ಇದಕ್ಕೆ ಎದುರಾಗಿ ಇನ್ನೊಂದು ತಮಾಷೆ: ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ‘ಸಂಸ್ಕಾರ’ವನ್ನು (1970) ತೆಗೆದವರು ನೆಲ್ಲೂರಿನ ಪಟ್ಟಾಭಿರಾಮರೆಡ್ಡಿಯವರು. ಕೊಡುವ ತೆಗೆದುಕೊಳ್ಳುವ ಲೆಕ್ಕ ಹೀಗಿರುವಾಗ, ಪಕ್ಕದ ಮನೆಯವರೊಡನೆ ಭಾಷೆಯ ಜಗಳ ಆಡುವುದಾದರೂ ಹೇಗೆ?

ಆಚಾರ್ಯರ ಸಿನೀಮಾ ಹೆಚ್ಚು ದುಡ್ಡಿನ ಬಾಬಲ್ಲ. ಜಾನಪದ ಕಥೆ ಆರಿಸಿಕೊಂಡದ್ದರಲ್ಲೇ ಅರ್ಧ ಉಳಿತಾಯ. ಯಾವ ರಾಜ, ಯಾವ ಶತಮಾನ ಎಂದು ಕೇಳುವವರಿಲ್ಲ. ಒಂದೇ ಅರಮನೆಗೆ ಬಣ್ಣ ಬಳಿದು ಪರದೆ ಬದಲಾಯಿಸಿದರೆ ಶತ್ರುವಿನ ಅರಮನೆ. ನಟರು ಹೇಳಿದ ದಿನ ಬಾರದೆ ಹೋದರೆ ಏನು ಗತಿ? ಮಾಂತ್ರಿಕನ ಶಾಪದಿಂದ ಆ ಪಾತ್ರವನ್ನು ಗಿಳಿಯೋ ಆಡೋ ಮಾಡಿ, ಗಿಳಿಯೊಡನೆ ಚಿತ್ರೀಕರಣ ಮುಂದುವರಿಸುತ್ತಿದ್ದರಂತೆ! ಗಿಳಿ ಸಂಭಾವನೆ ಕೇಳುವುದಿಲ್ಲ, ತಡವಾಗಿ ಬರುವುದಿಲ್ಲ. ಈ ಕಥೆಯನ್ನು ಸಿನೀಮಾದವರು ಎಷ್ಟು ಬಗೆಯಾಗಿ ಹೇಳುತ್ತಾರೆಂದರೆ, ಒಂದಿಷ್ಟು ಉಪ್ಪುಖಾರ ಬೆರೆತಿರಲೇಬೇಕು. ಮುಹೂರ್ತದ ದಿನವೇ ಬಿಡುಗಡೆಯ ದಿನ ಗೊತ್ತುಮಾಡುತ್ತಿದ್ದರು, ಹೇಳಿದ ಹೊತ್ತಿಗೆ ಹೇಳಿದ ಸಂಬಳ ಕೊಡುತ್ತಿದ್ದರು ಎಂಬ ಮಾತನ್ನಂತೂ ಎಲ್ಲರೂ ಒಂದೇ ಬಗೆಯಾಗಿ ಹೇಳುತ್ತಾರೆ. ಸಿನೀಮಾ ಲೋಕದಲ್ಲಿ ಇದು ಅಸ್ಥಿಪಂಜರದ ಕುಣಿತಕ್ಕಿಂತ ದೊಡ್ಡ ಪವಾಡ.

ಪವಾಡಗಳಾದರೂ ಹೇಗೆ? ಇಂದಿನಂತೆ ಕಂಪ್ಯೂಟರು ಇರಲಿಲ್ಲ. ಮಸೂರದ ಅರ್ಧಕ್ಕೆ ಕಪ್ಪು ರಟ್ಟು ಅಡ್ಡವಿಟ್ಟು ಒಂದು ಸಲ ತೆಗೆಯುವುದು. ಫಿಲಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧಕ್ಕೆ ರಟ್ಟಿಟ್ಟು ಮತ್ತೆ ತೆಗೆಯುವುದು. ಒಬ್ಬನೇ ನಟ ಅಣ್ಣನೂ ಆದ, ತಮ್ಮನೂ ಆದ. ಕ್ಯಾಮರಾ ನಿಲ್ಲಿಸಿ, ಮನುಷ್ಯನನ್ನು ಎಬ್ಬಿಸಿ, ಆಡನ್ನು ಕಟ್ಟಿ ಮತ್ತೆ ಚಾಲೂ ಮಾಡಿದರೆ ಶಾಪ ತಟ್ಟಿತು. ಕಪ್ಪು ತೆರೆಯ ಮುಂದೆ ಕಪ್ಪು ಬಟ್ಟೆ ಸುತ್ತಿದವನ ಕೈ ಮಾತ್ರ ಬಿಳಿಯಾಗಿದ್ದರೆ ಕೈಯೊಂದೇ ಗಾಳಿಯಲ್ಲಿ ಬಂತು. ಕೇಳಿದರೆ ಸುಲಭ. ಆದರೆ ಹಿಂದಕ್ಕೆ ಸುತ್ತುವಾಗ ಲೆಕ್ಕ ಕೂದಲೆಳೆ ತಪ್ಪಿದರೂ ಅಣ್ಣನ ಮೂಗಿನ ಮೇಲೆ ತಮ್ಮನ ಕಿವಿ ಬರುತ್ತದೆ; ತೊಳೆದು ನೋಡುವ ತನಕ ತಪ್ಪಿದ್ದೂ ಗೊತ್ತಾಗುವುದಿಲ್ಲ. ಕಡಿಮೆ ಖರ್ಚಿನವನಿಗೆ ಎರಡನೆಯ ಸಲ ತೆಗೆಯುವ ಭಾಗ್ಯವೂ ಇಲ್ಲ.

ಅಮೆರಿಕದಲ್ಲಿ ರೋಜರ್ ಕೊರ್ಮನ್ ಎಂಬ ಮಹಾಶಯರಿದ್ದರು (1926–2024). ಬೇರೊಬ್ಬರ ಚಿತ್ರಕ್ಕೆ ಹಾಕಿದ್ದ ಸೆಟ್ಟು ಕೆಡವುವ ಮುನ್ನ ಸಿಕ್ಕಿತೆಂದು, ಮನುಷ್ಯರನ್ನು ತಿನ್ನುವ ಗಿಡದ ಕಥೆಯೊಂದರ ಬಹುಭಾಗವನ್ನು ಎರಡು ದಿನ ಒಂದು ರಾತ್ರಿಯಲ್ಲಿ ಮುಗಿಸಿದ ಪುಣ್ಯಾತ್ಮರು. ಆ ಚಿತ್ರ ಬಂದದ್ದು 1960ರಲ್ಲಿ. ದೆವ್ವ, ರಕ್ತ, ಅರೆಬಟ್ಟೆ, ಜನರ ಕುತೂಹಲಕ್ಕೆ ಏನು ಬೇಕೋ ಅದು. ಆದರೆ ಅಲ್ಲಿಯವರು ಅವರನ್ನು ಮರೆಯಲಿಲ್ಲ. 2009ರಲ್ಲಿ ಆಸ್ಕರ್ ಸಂಸ್ಥೆಯವರೇ ಗೌರವ ಪ್ರಶಸ್ತಿ ಕೊಟ್ಟರು. ನಮ್ಮ ಆಚಾರ್ಯರಿಗೆ ಇವರ ಹೆಸರು ಗೊತ್ತಿತ್ತೋ ಇಲ್ಲವೋ, ಇಬ್ಬರೂ ಒಂದೇ ಗುರುಕುಲದವರು.

ಎಲ್ಲವನ್ನೂ ಹೊಗಳುವವನು ನಾನಲ್ಲ. ಮುಂದಿನ ವರ್ಷಗಳ ಚಿತ್ರಗಳಲ್ಲಿ ಕಥೆ ಸಪ್ಪೆಯಾದಷ್ಟೂ ಕುಣಿಯುವ ಹೆಣ್ಣುಮಕ್ಕಳ ಬಟ್ಟೆ ಕಡಿಮೆಯಾಯಿತು. ಹೆಣ್ಣನ್ನು ಒಂದೋ ಪೂಜೆಯ ಕೋಣೆಯಲ್ಲಿಡು, ಇಲ್ಲವೋ ಮಾಂತ್ರಿಕನ ಗುಹೆಯಲ್ಲಿ ಕುಣಿಸು, ನಡುವಿನ ಜಾಗವಿಲ್ಲ. ನನ್ನ ಹೆಣ್ಣುಮಕ್ಕಳ ಪಕ್ಕದಲ್ಲಿ ಕುಳಿತು ಅವನ್ನು ನೋಡಲು ನನಗೆ ಮುಜುಗರವೇ. 1985ರಲ್ಲಿ ‘ಜೈ ಬೇತಾಳ’ವನ್ನು ಕನ್ನಡಕ ಹಾಕಿ ನೋಡುವ ಮೂರು ಆಯಾಮದ ಚಿತ್ರವಾಗಿ ತೆಗೆದರು. ಕಾಲ ಬದಲಾಗಿತ್ತು. ಆದರೂ ತೊಂಬತ್ತರ ದಶಕದ ಆದಿಯ ತನಕ ಕೈ ಬಿಡಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹತ್ತು ಹನ್ನೆರಡು ಕನ್ನಡದ ಮನೆಗಳು ಸೇರಿ, ಮಾಳಿಗೆಯ ಮೇಲೆ ಶಾಮಿಯಾನ ಕಟ್ಟಿ ರಾಜ್ಯೋತ್ಸವ ಮಾಡುತ್ತಿದ್ದೆವು. ಒಂದು ವರ್ಷ ಅತಿಥಿಗಳು ಯಾರೆಂಬ ಚರ್ಚೆ ನಮ್ಮ ಮನೆಯಲ್ಲೇ ನಡೆಯಿತು. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಪ್ಪಯ್ಯ ಮೆಲ್ಲಗೆ, “ವಿಠಲಾಚಾರ್ಯರು ಇದೇ ಊರಿನಲ್ಲಿದ್ದಾರಲ್ಲ. ಅವರನ್ನು ಕರೆಯಬಹುದಲ್ಲ” ಎಂದರು. ನಾನು ಆಗ ಫಿಲಂ ಸೊಸೈಟಿಯ ಸದಸ್ಯ, ‘ಘಟಶ್ರಾದ್ಧ’ವನ್ನು ಮೂರು ಸಲ ನೋಡಿದ್ದ ಬುದ್ಧಿವಂತ. “ಅಪ್ಪಯ್ಯ, ರಾಜ್ಯೋತ್ಸವಕ್ಕೆ ದೆವ್ವದ ಸಿನೀಮಾದವರೇ? ನಾಲ್ಕು ಜನ ನಗುತ್ತಾರೆ” ಎಂದುಬಿಟ್ಟೆ. ನಾಲ್ಕು ಜನ ಆಗಲೇ ನಕ್ಕೂ ಬಿಟ್ಟರು. ಅಪ್ಪಯ್ಯ ಮತ್ತೆ ಮಾತಾಡಲಿಲ್ಲ. ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ ಒಳಕ್ಕೆ ಹೋದರು. ಆ ವರ್ಷ ನಿವೃತ್ತ ಅಧಿಕಾರಿಯೊಬ್ಬರು ಬಂದು, ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ ಕನ್ನಡದ ಹಿರಿಮೆಯನ್ನು ಕುರಿತು ಮಾತಾಡಿದರು.

1999ರ ಮೇ 28ರಂದು ಆಚಾರ್ಯರು ಚೆನ್ನೈಯಲ್ಲಿ ತೀರಿಕೊಂಡರು. ಅಪ್ಪಯ್ಯ ಪತ್ರಿಕೆ ಮಡಿಸಿ ನನ್ನ ಮುಂದಿಟ್ಟರು. “ಇನ್ನು ಕರೆಯಬೇಕೆಂದರೂ ಆಗುವುದಿಲ್ಲ” ಎಂದರು, ಅಷ್ಟೆ. ಸಿಟ್ಟಿನಿಂದಲ್ಲ. ಗಲ್ಲೆಯ ಮೇಲೆ ಕುಳಿತು ಚಿಲ್ಲರೆ ಎಣಿಸಿ ಕೊಡುವಾಗಿನ ದನಿ ಅದು.

ಆ ದನಿ ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ಅಪ್ಪಯ್ಯನಿಗೆ ಸಿನೀಮಾದ ಹುಚ್ಚೇನೂ ಇರಲಿಲ್ಲ. ಮೂರನೆಯ ತರಗತಿ ಓದಿ ಊರು ಬಿಟ್ಟವನೊಬ್ಬ, ತನ್ನದಲ್ಲದ ಊರಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಕೊಟ್ಟ ಮಾತಿಗೆ ತಪ್ಪದೆ, ತನ್ನ ಹೆಸರನ್ನೇ ಕಂಪೆನಿಗಿಟ್ಟು ಬಾಳಿದನಲ್ಲ, ಅದು ಅವರಿಗೆ ಬೇಕಾಗಿತ್ತು. ನಾನು ಬೇಡವೆಂದದ್ದು ಆಚಾರ್ಯರನ್ನು ಎಂದು ತಿಳಿದಿದ್ದೆ. ನಾಲ್ಕನೆಯ ತರಗತಿ ದಾಟದೆ ಮದರಾಸಿನ ರೈಲು ಹತ್ತಿದ ನಮ್ಮಪ್ಪಯ್ಯನೂ ಅಲ್ಲೇ ಕುಳಿತಿದ್ದರು.

ಮೊನ್ನೆ ಮೊಮ್ಮಗಳು ಟೆಲಿಫೋನಿನಲ್ಲಿ ಅದೇ ದೃಶ್ಯ ಹುಡುಕಿ ತಂದಳು. ಜಯಮಾಲಿನಿ ಕಾಲು ನೀಡಿ ಕುಳಿತಿದ್ದಾಳೆ, ಒಲೆ ಉರಿಯುತ್ತಿದೆ. “ಅಜ್ಜ, ಅವಳ ಕಾಲು ಸುಡಲಿಲ್ಲವಾ?” ಎಂದಳು. ಕೃತಕ ಕಾಲಿರಬಹುದು, ಕ್ಯಾಮರಾ ನಿಲ್ಲಿಸಿ ತೆಗೆದಿರಬಹುದು ಎಂದು ನಾನು ವಿವರಿಸಹೊರಟೆ. ಅಷ್ಟರಲ್ಲಿ ಒಳಗಿನಿಂದ, ತೊಂಬತ್ತರ ಹತ್ತಿರದ ನಮ್ಮಮ್ಮ, “ದೆವ್ವಕ್ಕೆ ಎಂತ ಸುಡುವುದು ಮಗಾ! ಗ್ಯಾಸಿನ ರೇಟು ನೋಡಿದರೆ ನಮಗೂ ಅಂಥದ್ದೊಂದು ಕಾಲು ಬೇಕು” ಎಂದು ಕೂಗಿ ನಗತೊಡಗಿದರು.

ವಾಚಕರಲ್ಲಿ ಒಂದು ಬಿನ್ನಹ. ಮಹಾತ್ಮಾ ಪಿಕ್ಚರ್ಸಿನ ಅಥವಾ ಆಚಾರ್ಯರ ಹಳೆಯ ಚಿತ್ರಗಳ ಪದ್ಯಾವಳಿ ಪುಸ್ತಕ, ಕರಪತ್ರ, ಭಿತ್ತಿಚಿತ್ರ ಏನಾದರೂ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ರದ್ದಿಯವನಿಗೆ ಹಾಕಬೇಡಿ. ಸಂಘದ ಪುಸ್ತಕಭಂಡಾರದಲ್ಲಿ ಅದಕ್ಕೊಂದು ಕಪಾಟು ಬಿಡಿಸಿಕೊಡುವಂತೆ ಕಾರ್ಯದರ್ಶಿಗಳನ್ನು ಕೇಳಿದ್ದೇನೆ. ಅವರು ಇನ್ನೂ ಹ್ಞೂಂ ಎಂದಿಲ್ಲ. ಉಹ್ಞೂಂ ಎಂದೂ ಹೇಳಿಲ್ಲ.